ಡಬ್ಬದ ಮೇಲೊಂದು ಕೊಂಬು

"ಚಿವುಟಿದ್ದು. ಚಿವುಟಿದ್ದು. ಇದೂ ಚಿವುಟಿದ್ದೇ."

ಸಬ್ ಇನ್‌ಸ್ಪೆಕ್ಟರ್ ಸಂಜೀವಯ್ಯ ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತು, ಒದ್ದೆ ಬಟ್ಟೆಯ ಗಂಟಿನಲ್ಲಿದ್ದ ಸೊಪ್ಪನ್ನು ಒಂದೊಂದೇ ಕಡ್ಡಿಯಾಗಿ ಎತ್ತಿ ನೋಡುತ್ತಿದ್ದ. ಜಿನುಗು ಮಳೆ ಟೋಪಿಯ ಅಂಚಿನಿಂದ ಮೂಗಿನ ಮೇಲೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಗಂಟೆ ಹನ್ನೊಂದು. ಮೂರಕ್ಕೆ ಜೀಪು ಹೊರಡುತ್ತದೆ, ಸೊಪ್ಪು ಮಾರುವ ತಿಮ್ಮಕ್ಕನನ್ನು ಹತ್ತಿಸಿಕೊಂಡು ಮ್ಯಾಜಿಸ್ಟ್ರೇಟರ ಮುಂದಕ್ಕೆ. ಅಲ್ಲಿಂದ ಅವಳು ಜೈಲಿಗೆ ಹೋದಳೆಂದರೆ ಆ ಮುದುಕಿಗಾಗಿ ಓಡಾಡುವವರು ಯಾರಿದ್ದಾರೆ?

ನಿನ್ನೆ ಶ್ರಾವಣ ಸೋಮವಾರ, ಅವಳು ಕೊಟ್ಟುಹೋದ ಬೆರಕೆ ಸೊಪ್ಪಿನ ಬಸ್ಸಾರು ಉಂಡು ಈ ಮನೆಯ ಯಜಮಾನ ಮರುಳಸಿದ್ದಪ್ಪ ಹುಚ್ಚು ಹಿಡಿದವರಂತೆ ಕೂಗಾಡಿ ಆಸ್ಪತ್ರೆ ಸೇರಿದ್ದರು. ಸಂಜೆಯೊಳಗೆ ತಿಮ್ಮಕ್ಕ ಠಾಣೆಯ ಬೆಂಚಿನ ಮೇಲಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಮ್ಮ ಇನ್‌ಸ್ಪೆಕ್ಟರು!

"ತಿಂಡಿ ಆಯ್ತೇನೋ ಸಂಜೀವ?"

ಕೇಳಿದವರು ಸರ್ವಮಂಗಳಾ ಮಿಸ್, ಮರುಳಸಿದ್ದಪ್ಪನವರ ತಂಗಿ. ವಯಸ್ಸು ಅರವತ್ತೆಂಟು, ಮದುವೆಯಾಗಿಲ್ಲ, ರಿಟೈರಾಗಿ ಹತ್ತು ವರ್ಷದ ಮೇಲಾಯಿತು. ನೀರಿನ ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ತಲೆಗೆ ಸೆರಗು ಹೊದ್ದು, ಕೈಯಲ್ಲಿ ಚೊಂಬು ಹಿಡಿದು ಕೂತಿದ್ದರು. ಇಪ್ಪತ್ತೈದು ವರ್ಷದ ಹಿಂದೆ ಉತ್ತರಹಳ್ಳಿ ಶಾಲೆಯಲ್ಲಿ ಇದೇ ಸಂಜೀವನನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಕಾಗುಣಿತ ತಿದ್ದಿಸಿದವರು ಇವರು. ಅವನ ಕೇರಿಯ ಮಕ್ಕಳನ್ನು ಬಾಗಿಲ ಹತ್ತಿರ ಕೂರಿಸುತ್ತಿದ್ದ ಕಾಲ ಅದು.

"ಆಯ್ತು ಮಿಸ್." ಸುಳ್ಳು. ಬೆಳಿಗ್ಗೆಯಿಂದ ಒಂದು ಲೋಟ ಕಾಫಿಯೂ ಇಳಿದಿರಲಿಲ್ಲ. "ನಿಮ್ದು?"

"ನಂದೂ ಆಯ್ತಪ್ಪ. ನಿನ್ನ ದಯ."

ಮಾತು ಚುಚ್ಚಿತು. ಮನೆಗೆ ಪೊಲೀಸರು ನುಗ್ಗಿದ ದಿನ ಇನ್ನೇನು ಹಾರ ಹಾಕಿ ಕರೆಯುತ್ತಾರೆಯೇ ಎಂದುಕೊಂಡು ಅವನು ಮತ್ತೆ ಸೊಪ್ಪಿನ ಕಡೆ ತಿರುಗಿದ.

ಬೆರಕೆ ಸೊಪ್ಪು ಅಂದರೆ ಜಯನಗರದವರಿಗೆ ಒಂದು ಕಂತೆ ಹಸಿರು, ಅಷ್ಟೇ. ಅದರೊಳಗೆ ಅಣ್ಣೆ, ಕಿರಕಸಾಲೆ, ಹೊನಗೊನ್ನೆ, ಗಣಿಕೆ ಎಂದು ಹತ್ತು ಹನ್ನೆರಡು ಬಗೆ ಇರುತ್ತದೆ. ಹೊಲದ ಬದುವಿನಲ್ಲಿ ಬಗ್ಗಿ ಬಗ್ಗಿ ನಡೆಯುತ್ತಾ, ಹೆಬ್ಬೆರಳಿನ ಉಗುರಿನಿಂದ ಕುಡಿ ಮಾತ್ರ ಚಿವುಟಿ ಮಡಿಲಿಗೆ ಹಾಕಿಕೊಳ್ಳಬೇಕು. ಬೇರು ಕೀಳಬಾರದು, ಕತ್ತಿ ಮುಟ್ಟಿಸಬಾರದು. ಮುಂದಿನ ವಾರ ಅದೇ ಗಿಡ ಮತ್ತೆ ಕೊಡಬೇಕಲ್ಲ!

ಸಂಜೀವಯ್ಯನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನ ಅವ್ವ ಉತ್ತರಹಳ್ಳಿಯಿಂದ ಶ್ರೀನಗರದವರೆಗೆ ಬುಟ್ಟಿ ಹೊತ್ತು ನಡೆದು, ಸೊಪ್ಪು ಮಾರಿಯೇ ಮಗನ ಮೈಗೆ ಖಾಕಿ ತೊಡಿಸಿದ್ದಳು. ತಲಘಟ್ಟಪುರದ ತಿಮ್ಮಕ್ಕ ಅವಳ ಜೊತೆಗಾತಿ. ನಿನ್ನೆ ಸಂಜೆ ಠಾಣೆಯಲ್ಲಿ ತಿಮ್ಮಕ್ಕ ಅಳಲಿಲ್ಲ. ಕಪ್ಪುಗಟ್ಟಿದ ಹೆಬ್ಬೆರಳನ್ನು ಅವನ ಮೂಗಿನ ಹತ್ತಿರ ಹಿಡಿದಳು. "ನೋಡು ಮಗಾ. ನಿಮ್ಮವ್ವನ ಜತೆ ಬದು ಸುತ್ತಿದ ಕೈ ಇದು. ಇದು ವಿಷದ ಕುಡಿ ಚಿವುಟ್ತದಾ?" ರಾತ್ರಿ ಅವನಿಗೆ ಅನ್ನ ಸೇರಲಿಲ್ಲ.

"ಚಿವುಟಿದ್ದು. ಚಿವುಟಿದ್ದು..."

ಕೈ ನಿಂತಿತು.

ಈ ಎಲೆ ಅಗಲ, ಮೆತ್ತಗೆ, ಅಂಚು ಡೊಂಕು. ತೊಟ್ಟಿನ ತುದಿ ಜಜ್ಜಿರಲಿಲ್ಲ. ಬ್ಲೇಡಿನಿಂದ ಕೊಯ್ದಂತೆ ಓರೆಯಾಗಿ, ನೀಟಾಗಿ ಕತ್ತರಿಸಿತ್ತು. ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದ. ಕಮಟು ವಾಸನೆಗೆ ಮುಖ ಹಿಂಡಿಕೊಂಡಿತು. ಉಮ್ಮತ್ತಿ! ಗಂಟಿನಲ್ಲಿ ಇನ್ನೂ ಎಂಟು ಎಲೆ ಸಿಕ್ಕಿದವು. ಎಂಟೂ ಓರೆ ಕೊಯ್ಲು.

ಅಂದರೆ ತಿಮ್ಮಕ್ಕನ ಬುಟ್ಟಿ ಈ ಮನೆಯ ಹೊಸಿಲು ದಾಟಿದ ಮೇಲೆ ಯಾರೋ ಇದನ್ನು ಬೆರೆಸಿದ್ದಾರೆ. ಸಂಜೀವಯ್ಯನಿಗೆ ಒಂದು ಕ್ಷಣ ಕುಣಿಯುವಷ್ಟು ಖುಷಿಯಾಯಿತು. ಮರುಕ್ಷಣವೇ ಆ ಖುಷಿ ಇಳಿಯಿತು, ಯಾಕೆಂದರೆ ಈ ಮನೆಯಲ್ಲಿ ಹರಿತವಾದ ಕಸಿ ಚಾಕು ಇಟ್ಟುಕೊಂಡಿರುವವರು ಒಬ್ಬರೇ. ಅವರು ಸ್ಟೂಲಿನ ಮೇಲೆ ಕೂತು ಗಟಗಟ ನೀರು ಕುಡಿಯುತ್ತಿದ್ದರು.

"ಸಾರ್!" ಹೆಡ್ ಕಾನ್‌ಸ್ಟೇಬಲ್ ಯಲ್ಲಯ್ಯ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ. ಬೆಳಿಗ್ಗೆ ಎಂಟರಿಂದ ಈ ಮನೆಯ ಕಾವಲಿಗೆ ಇದ್ದವನು ಅವನೇ. ಮರುಳಸಿದ್ದಪ್ಪನವರ ಮನೆಗೆ ಮೊದಲಿಂದ ಬಂದುಹೋಗುವ ಪರಿಚಯ ಇದೆ ಎಂದು ತಾನೇ ಕೇಳಿ ಹಾಕಿಸಿಕೊಂಡಿದ್ದ. "ಕೆಳಗೆ ಆಸ್ಪತ್ರೆಯಿಂದ ಫೋನ್ ಬಂದಿತ್ತು. ಎಲ್ಲಾ ಬರ್ಕೊಂಡಿದೀನಿ."

"ಓದು, ಬೇಗ."

"ಬಾಯಿ ಒಣಗಿ ನೀರು ನೀರು ಅಂತಿದ್ರಂತೆ. ಮುಖ ಕೆಂಪು. ಕಣ್ಣಿನ ಪಾಪೆ ಅಗಲ, ಬೆಳಕು ಕಂಡ್ರೆ ಆಗಲ್ಲ. ಆಮೇಲೆ ತಲೆ ಕೆಟ್ಟು ಗಾಳೀಲಿ ಏನೋ ಕಿತ್ತು ಕಿತ್ತು ಹಾಕ್ತಿದಾರಂತೆ. ಉಮ್ಮತ್ತಿ ಇರ್ಬೇಕು ಅಂದ್ರು ಡಾಕ್ಟ್ರು. ಜೀವಕ್ಕೆ ಇನ್ನೂ ಏನೂ ಹೇಳಕ್ಕಾಗಲ್ವಂತೆ."

"ಮಾತಾಡ್ತಾರಾ?"

"ಬಡಬಡಿಕೆ ಸಾರ್. 'ನಾಳೆ ಅಂದಿದ್ನಲ್ಲ, ನಾಳೆ ಅಂದಿದ್ನಲ್ಲ' ಅಂತ ಅದೊಂದೇ ಮಾತು. ಮಗ ಗೌರೀಶಂಕರ ಪಕ್ಕದಲ್ಲೇ ಕೂತಿದಾರಂತೆ."

"ಇನ್‌ಸ್ಪೆಕ್ಟರು?"

ಯಲ್ಲಯ್ಯ ತಲೆ ಕೆರೆದುಕೊಂಡ. "ಮೂರು ಅಂದ್ರೆ ಮೂರೇ ಗಂಟೆ ಅಂದ್ರು. ಸೊಪ್ಪಿನ ಪುರಾಣ ಬೇಡ, ಸಾಕ್ಷಿ ಇದ್ರೆ ತಂದು ಮೇಜಿನ ಮೇಲಿಡಿ ಅಂದ್ರು ಸಾರ್."

ಸಂಜೀವಯ್ಯ ಎದ್ದ. ಕಾಲು ಜೋಮು ಹಿಡಿದಿತ್ತು, ಲೆಕ್ಕಿಸಲಿಲ್ಲ. ತಾರಸಿಯ ಉದ್ದಕ್ಕೂ ನಡೆಯತೊಡಗಿದ.

ತಾರಸಿಯೇ ಅದು? ಗೇಣು ಜಾಗ ಬಿಟ್ಟಿರಲಿಲ್ಲ ಆ ಹೆಂಗಸು. ಡಾಲ್ಡಾ ಡಬ್ಬದಲ್ಲಿ ಮೆಂತ್ಯ, ಸೀಳಿದ ಸೀಮೆಎಣ್ಣೆ ಟಿನ್ನಿನಲ್ಲಿ ದಂಟು, ತಳ ಒಡೆದ ಬಕೀಟಿನಲ್ಲಿ ಬದನೆ, ಟಾರಿನ ಡ್ರಮ್ಮಿನಲ್ಲಿ ಮೊಣಕಾಲೆತ್ತರದ ಅಂಜೂರ. ಅಂಜೂರದಲ್ಲಿ ನಾಲ್ಕು ಕಾಯಿ ಕೂಡ ಬಿಟ್ಟಿದ್ದವು. ದೊಡ್ಡಪತ್ರೆ, ಒಂದೆಲಗ, ಪುದೀನ ಪ್ಯಾರಪೆಟ್ ಗೋಡೆಯ ಮೇಲಿನ ಕುಂಡಗಳಲ್ಲಿ ಜೋತಾಡುತ್ತಿದ್ದವು. ಪ್ರತಿ ಡಬ್ಬದ ತಳಕ್ಕೂ ಮೊಳೆಯಿಂದ ತೂತು, ತೂತಿನ ಮೇಲೆ ಹೆಂಚಿನ ಚೂರು, ಅದರ ಮೇಲೆ ತರಗೆಲೆ, ಸಗಣಿ ಗೊಬ್ಬರ, ಕೆಮ್ಮಣ್ಣು. ಹುಳಕ್ಕೆ ಒಲೆಯ ಬೂದಿ ಮತ್ತು ಬೇವಿನ ಹಿಂಡಿ. ಬೆಳಿಗ್ಗೆ ಅಕ್ಕಿ ತೊಳೆದ ಅಕ್ಕಚ್ಚು ಸೀದಾ ಮೇಲಕ್ಕೆ ಬರುತ್ತಿತ್ತು. ಅಂಗಡಿಯಲ್ಲಿ ಸಿಗುವ ಸರ್ಕಾರಿ ಗೊಬ್ಬರದ ಒಂದು ಹರಳನ್ನೂ ಮಿಸ್ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. "ನನ್ನ ಗಿಡಕ್ಕೆ ಹೆಂಡ ಕುಡಿಸಲ್ಲ" ಎನ್ನುತ್ತಿದ್ದರು.

ಮೂಲೆಯಲ್ಲಿ ಗೊಬ್ಬರದ ಪೀಪಾಯಿ. ಮನೆಯಲ್ಲಿ ಎಸೆಯುವ ಏನೇ ಇದ್ದರೂ ಅದರ ಹೊಟ್ಟೆಗೆ. ಮುಚ್ಚಳ ತೆಗೆದು ಇಣುಕಿದ. ಮೇಲುಗಡೆ ಬಾಳೆಕಾಯಿ ಸಿಪ್ಪೆ, ಕಾಫಿ ಚರಟ, ಇಡ್ಲಿಯ ಚೂರು ಅಂಟಿದ ಒಂದು ಬಾಳೆ ಎಲೆ. ಉಮ್ಮತ್ತಿಯ ಕಡ್ಡಿ ಕಾಣಲಿಲ್ಲ. ಮುಚ್ಚಿ ಮುಂದೆ ಹೋದ.

ಪ್ರತಿ ಡಬ್ಬದ ಮೇಲೂ ಬಿಳಿ ಬಣ್ಣದಲ್ಲಿ ದುಂಡಗೆ ಗಿಡದ ಹೆಸರು ಬರೆದಿತ್ತು. ಗೌರೀಶಂಕರನ ಹೆಂಡತಿ ಉಮಾಮಹೇಶ್ವರಿಗೆ ಸೊಪ್ಪಿನ ಗುರುತಿಲ್ಲ. ಅವಳಿಗೆಂದೇ ಮಿಸ್ ಕೂತು ಬರೆದದ್ದು. ಹರಿವೆ. ಪಾಲಕ್. ಗಣಿಕೆ. ಮತ್ತೊಂದು ಗಣಿಕೆ, ಅದರಲ್ಲಿ ಪುಟ್ಟ ಕಪ್ಪು ಹಣ್ಣು. ಅದರ ಮಗ್ಗುಲಿನ ಮೂರನೇ ಡಬ್ಬದಲ್ಲಿ ಎದೆಯುದ್ದದ ಗಿಡ, ಕಹಳೆಯಂಥ ಬಿಳಿ ಹೂ, ಮುಳ್ಳು ಕಾಯಿ. ನಾಲ್ಕು ಕೊಂಬೆಯ ತುದಿ ಓರೆಯಾಗಿ ಕೊಯ್ದಿತ್ತು.

ಡಬ್ಬದ ಮೇಲೆ ಬರೆದಿತ್ತು: ಗುಣಿಕೆ.

ಅವನು ಆ ಅಕ್ಷರವನ್ನು ಎರಡು ಸಲ ಓದಿದ. ಅನ್ನದಲ್ಲಿ ಕಲ್ಲು ಸಿಕ್ಕಂತೆ ಆಯಿತು, ಏನೆಂದು ಹೊಳೆಯಲಿಲ್ಲ. ಅಷ್ಟು ಹೊತ್ತಿಗೆ ಸಾಕ್ಷಿ ಸಿಕ್ಕ ಆತುರ ಬೇರೆ. ಸೊಪ್ಪನ್ನು ಮತ್ತೆ ಬಟ್ಟೆಯಲ್ಲಿ ಕಟ್ಟಿ ಯಲ್ಲಯ್ಯನ ಕೈಗಿಟ್ಟ.

"ಠಾಣೆ ಸೈಕಲ್ಲಿಗೆ ಐದು ನಿಮಿಷ. ಇನ್‌ಸ್ಪೆಕ್ಟರ ಕೈಗೇ ಕೊಡು, ಬೇರೆ ಯಾರಿಗೂ ಅಲ್ಲ. ಚಿವುಟಿದ್ದು ಬೇರೆ, ಕೊಯ್ದಿದ್ದು ಬೇರೆ, ಎರಡೂ ತೋರಿಸು. ತಿಮ್ಮಕ್ಕನ ಜೀವ ಈ ಗಂಟಲ್ಲಿದೆ ಯಲ್ಲಯ್ಯ."

"ಹೋದೆ ಅನ್ಕೊಳ್ಳಿ ಸಾರ್." ಯಲ್ಲಯ್ಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ದಡದಡ ಇಳಿದ.

ಸಂಜೀವಯ್ಯ ತನ್ನ ಮಿಸ್ಸಿನ ಮುಂದೆ ಬಂದು ನಿಂತ. ಕೈ ಕಟ್ಟಿಕೊಳ್ಳಲು ಹೊರಟು ತಡೆದ. ಇಷ್ಟು ವರ್ಷವಾದರೂ ಇವರ ಎದುರು ಕೈ ತಾನಾಗಿ ಕಟ್ಟಿಕೊಳ್ಳುತ್ತದೆ, ಹಾಳಾದ್ದು.

"ಮಿಸ್, ಗಣಿಕೆ ಪಕ್ಕದ ಮೂರನೇ ಡಬ್ಬದಲ್ಲಿ ಇರೋದು ಏನು?"

"ಎಲ್ಲೋ?" ಮಿಸ್ ಹಣೆಗೆ ಅಂಗೈ ಅಡ್ಡ ಹಿಡಿದರು. "ಈ ಬಿಸಿಲಲ್ಲಿ ಕಣ್ಣೇ ಬಿಡಕ್ಕಾಗ್ತಿಲ್ಲ."

ಬಿಸಿಲೆಲ್ಲಿತ್ತು? ಆಕಾಶ ಬೆಳಿಗ್ಗೆಯಿಂದ ಬೂದಿ ಬಳಿದುಕೊಂಡಿತ್ತು. ನೋಡದೇ ಇರುವುದಕ್ಕೆ ಒಂದು ನೆಪ ಎಂದುಕೊಂಡ ಸಂಜೀವಯ್ಯ. ಬೇಸರವಾಯಿತು.

"ಉಮ್ಮತ್ತಿ ಅದು ಮಿಸ್. ನಿಮಗೆ ಗೊತ್ತು."

"ನಿಮ್ಮ ಕಡೆ ಉಮ್ಮತ್ತಿ. ರಾಣೆಬೆನ್ನೂರ ಕಡೆಯೋರು ನಾವು, ನಮ್ಮಲ್ಲಿ ಮದಗುಣಿಕೆ ಅಂತೀವಿ. ಶ್ರಾವಣದಲ್ಲಿ ಶಿವನಿಗೆ ಆ ಹೂವೇ ಆಗ್ಬೇಕು. ಹೂವಿಗೆ ಇಟ್ಕೊಂಡಿದೀನಿ."

"ತಿನ್ನೋ ಸೊಪ್ಪಿನ ಪಕ್ಕದಲ್ಲಾ?"

"ಪಕ್ಕದಲ್ಲಿ ಎಲ್ಲಿಟ್ಟಿದ್ದೆ? ಅಲ್ಲಿ ಆ ತುದಿ, ತುಂಬೆ ಎಕ್ಕದ ಸಾಲಲ್ಲಿ..." ಮಿಸ್ ತಟ್ಟನೆ ಬಾಯಿ ಮುಚ್ಚಿದರು. ಚೊಂಬು ಎತ್ತಿದರು, ಖಾಲಿಯಾಗಿತ್ತು. "ಉಮಾ! ಇನ್ನೊಂದು ಚೊಂಬು ನೀರು ತಾರಮ್ಮ!"

ತಪ್ಪು ಮಾಡಿದವರ ಬಾಯಿ ಒಣಗುತ್ತದೆ. ಹನ್ನೆರಡು ವರ್ಷದ ನೌಕರಿಯಲ್ಲಿ ಇದನ್ನು ಎಷ್ಟು ಸಲ ನೋಡಿದ್ದನೋ. ಆದರೆ ಇವರ ಬಾಯಿ ಒಣಗುವುದನ್ನು ನೋಡಬೇಕಾಗಿ ಬಂತಲ್ಲ ಎಂದು ಸಂಕಟವಾಯಿತು.

"ಬರ್ಕೊ ಸಂಜೀವ," ಎಂದರು ಮಿಸ್, ಇದ್ದಕ್ಕಿದ್ದಂತೆ, ಉಕ್ತಲೇಖನ ಕೊಡುವವರ ದನಿಯಲ್ಲಿ. "ಡಬ್ಬ ನಂದು. ಗಿಡ ನಂದು. ಚಾಕು ನಂದು. ಗಣಿಕೆ ಅನ್ಕೊಂಡು ಮದಗುಣಿಕೆ ಕೊಯ್ದು ತಿಮ್ಮಕ್ಕನ ಸೊಪ್ಪಿಗೆ ಬೆರೆಸಿಬಿಟ್ಟೆ. ವಯಸ್ಸಾಯ್ತು, ಕಣ್ಣು ಮಂಜು. ಅವಳನ್ನ ಬಿಟ್ಬಿಡು."

"ತಪ್ಪಾಗಿ ಅಂದ್ರೆ ನಮ್ಮ ಸಾಹೇಬ್ರು ನಂಬಲ್ಲ. ಗೌರಿ ಹಬ್ಬದೊಳಗೆ ತಾರಸಿ ಖಾಲಿ ಮಾಡು, ಮಗನಿಗೆ ಮೇಲೆ ಮನೆ ಕಟ್ಬೇಕು ಅಂತ ನಿಮ್ಮಣ್ಣ ಕೂಗಾಡಿದ್ದು ಬೀದಿಗೆಲ್ಲ ಗೊತ್ತು ಮಿಸ್."

"ಗೊತ್ತಿರ್ಲಿ! ಮನೆ ಇಬ್ರ ಹೆಸರಲ್ಲಿದೆ. ಸಹಿ ಹಾಕಲ್ಲ ಅಂದೆ. ಅಲ್ಲಿಗೆ ಮುಗೀತು. ಸಹಿ ಬೇಕಾಗಿರೋದು ಅವನಿಗೆ. ನಾನು ಯಾಕೆ ಅವನಿಗೆ ವಿಷ ಹಾಕ್ಲಿ?"

"ಈಗ ತಾನೇ ಹಾಕಿದೆ ಅಂದ್ರಿ."

ಮಿಸ್ ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಕೆಂಪೇರಿತ್ತು. "ಎದುರು ಮಾತಾಡೋದು ಕಲ್ತಿದೀಯ."

"ನೀವೇ ಕಲಿಸಿದ್ದು." ಸಂಜೀವಯ್ಯ ಮೂರನೇ ಡಬ್ಬದ ಹತ್ತಿರ ಹೋಗಿ ಬಗ್ಗಿದ. ಈಗ ಹೊಳೆಯಿತು, ಆಗ ಕಲ್ಲು ಸಿಕ್ಕಿದ್ದು ಎಲ್ಲಿ ಎಂದು! "ಮಿಸ್, ಈ ಹೆಸರು ಬರೆದೋರು ಯಾರು?"

"ನಾನೇ. ಇನ್ಯಾರು?"

"ಏನಂತ ಬರೆದಿದ್ರಿ?"

"ಗಣಿಕೆ ಅಂತ. ಹೇಳಿದ್ನಲ್ಲ, ತಪ್ಪಾಗಿ."

"ಇಲ್ಲಿ ಗುಣಿಕೆ ಅಂತಿದೆ. ಗ ಕೊಂಬು ಗು."

ಮಿಸ್ ಸೆರಗನ್ನು ಹಣೆಯ ಮೇಲೆ ಇನ್ನಷ್ಟು ಎಳೆದುಕೊಂಡರು.

"ಮೂರನೇ ಕ್ಲಾಸಲ್ಲಿ 'ಗುರುತು' ಬರೆಯೋವಾಗ ಒಂದು ಕೊಂಬು ಬಿಟ್ಟೆ ಅಂತ ನೂರು ಸಲ ಬರೆಸಿದ್ರಿ ನನ್ ಕೈಲಿ. ಬೆರಳು ಬಾತುಕೊಂಡಿತ್ತು. ಆ ಮಿಸ್ಸು ಗಣಿಕೆಗೆ ಕೊಂಬು ಕೊಡ್ತಾರಾ? ನೀವು ಬರೆದಿದ್ದು ಮದಗುಣಿಕೆ. ಮೊದಲ ಎರಡು ಅಕ್ಷರ ಯಾರೋ ಕೆರೆದಿದಾರೆ. 'ಮದ' ಹೋಯ್ತು, 'ಗುಣಿಕೆ' ಉಳೀತು. ನೋಡಿದೋರು ಗಣಿಕೆ ಅಂತ ಓದ್ಕೊಳ್ಳಲಿ ಅಂತ. ಕೊಂಬು ಕೆರೆಯೋಷ್ಟು ಕಾಗುಣಿತ ಅವ್ರಿಗೆ ಬರ್ಲಿಲ್ಲ."

ಅಕ್ಷರದ ಹಿಂದಿನ ಜಾಗವನ್ನು ಹೆಬ್ಬೆರಳಲ್ಲಿ ಸವರಿದ. ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಮೂರು ದಿನದಿಂದ ಬಿಡದ ಜಿನುಗು. ಈ ಮಳೆಯಲ್ಲಿ ಕೆರೆದ ತಗಡು ಒಂದು ರಾತ್ರಿ ಕಳೆದರೆ ಕೆಂಪಗೆ ತುಕ್ಕು ಹಿಡಿಯುತ್ತದೆ. ಇದನ್ನು ಇವತ್ತು ಬೆಳಿಗ್ಗೆ ಕೆರೆದಿದ್ದಾರೆ. ಡಬ್ಬವನ್ನು ಎತ್ತಿ ಗಣಿಕೆಯ ಸಾಲಿಗೆ ತಂದಿಟ್ಟದ್ದೂ ಇವತ್ತೇ. ತಿಮ್ಮಕ್ಕ ಆಗ ಠಾಣೆಯ ಬೆಂಚಿನ ಮೇಲಿದ್ದಳು!

"ಯಾರನ್ನ ಕಾಪಾಡ್ತಿದೀರ ಮಿಸ್?"

ಮಿಸ್ ದನಿ ಇಳಿಯಿತು. "ಉಮಾ ಬೆಳಿಗ್ಗೆಯಿಂದ ಅಳ್ತಿದಾಳೆ ಕಣೋ. ಬಡಿಸಿದ್ದು ಅವಳ ಕೈ. ಡಬ್ಬ ನೋಡಿದ ಕೂಡ್ಲೆ ನಂಗೆ ಅನ್ಸಿದ್ದು, ಪಾಪದ್ದು ತಪ್ಪಾಗಿ ಕೊಯ್ದು ಹೆದರಿ ಅಕ್ಷರ ಕೆರೆದಿದೆ ಅಂತ. ಒಳಗೆ ತಿಮ್ಮಕ್ಕ, ಹೊರಗೆ ಇವಳು. ನಂಗೇನು, ಮುಂದೆ ನೋಡಿದ್ರೆ ಸ್ಮಶಾನ, ಹಿಂದೆ ನೋಡಿದ್ರೆ ಡಬ್ಬ. ನನ್ ತಲೆ ಮೇಲೆ ಹಾಕ್ಕೊಂಡ್ರೆ ಇಬ್ರೂ ಉಳೀತಾರೆ."

"ನಾನು ಕೊಯ್ಯಲಿಲ್ಲ ಅತ್ತೆ!"

ಉಮಾಮಹೇಶ್ವರಿ ಮೆಟ್ಟಿಲ ತುದಿಯಲ್ಲಿ ನಿಂತಿದ್ದಳು. ಕೈಯಲ್ಲಿ ಚೊಂಬು ತುಳುಕುತ್ತಿತ್ತು. ಕಣ್ಣು ಊದಿ ಹಣ್ಣಾಗಿದ್ದವು.

"ಹೆದರ್ಬೇಡಿ ತಾಯಿ. ನಿನ್ನೆ ಆಗಿದ್ದು ಆದಂಗೆ ಹೇಳಿ," ಎಂದ ಸಂಜೀವಯ್ಯ.

"ನಾನು ಸ್ನಾನ ಮುಗಿಸಿ ಬರೋ ಹೊತ್ತಿಗೆ ಬುಟ್ಟಿ ಅಡುಗೆಮನೇಲಿತ್ತು ಸಾರ್. ನಿನ್ನೆ ಎಲ್ರಿಗೂ ಉಪವಾಸ, ಮಾವಂಗೆ ಮಾತ್ರ ಶುಗರ್ ಅಂತ ಊಟ. ಮಾವ ಹೇಳಿದ್ರು, ನಂಗೆ ಬೇಳೆ ಸಾರು ಸಾಕು, ಸೊಪ್ಪು ಮುಟ್ಬೇಡ, ನಾಳೆ ನಿಮ್ಮತ್ತೆಗೆ ಮಾಡಿ ಹಾಕು, ಮಂಗಳವಾರ ಅವಳಿಗೆ ಬಸ್ಸಾರು ಮುದ್ದೆ ಅಂದ್ರೆ ಇಷ್ಟ ಅಂತ. ನಾನೇ ಸೊಪ್ಪು ಬಾಡಿ ಹೋಗುತ್ತಲ್ಲಾ ಅಂತ ಅರ್ಧ ನಿನ್ನೆ ಮಾಡಿದೆ, ಅರ್ಧ ಒದ್ದೆ ಬಟ್ಟೇಲಿ ಕಟ್ಟಿಟ್ಟೆ. ಬೇಳೆ ಸಾರು ಅನ್ಕೊಂಡೇ ಮಾವ ಉಂಡ್ರು. ಮಾವಂಗೆ ಒಳ್ಳೇದು ಆಗ್ಲಿ ಅಂತ ಮಾಡಿದೆ ಸಾರ್!" ಅವಳು ಮತ್ತೆ ಬಿಕ್ಕಿದಳು.

ನಾಳೆ ಅಂದಿದ್ನಲ್ಲ. ನಾಳೆ ಅಂದಿದ್ನಲ್ಲ.

ಬಡಬಡಿಕೆಯಲ್ಲ ಅದು! ಆ ಸೊಪ್ಪು ಮರುಳಸಿದ್ದಪ್ಪನಿಗೆ ಇದ್ದದ್ದೇ ಅಲ್ಲ. ಮಂಗಳವಾರ ಮಧ್ಯಾಹ್ನ, ಇವತ್ತು, ಸರ್ವಮಂಗಳಾ ಮಿಸ್ಸಿನ ತಟ್ಟೆಗೆ ಇದ್ದದ್ದು. ಸಹಿ ಹಾಕದ ತಂಗಿ ಹೋದರೆ ತಾರಸಿಯೂ ಸಿಕ್ಕಿತು, ಮನೆಯೂ ಸಿಕ್ಕಿತು. ಸೊಸೆಯ ಒಳ್ಳೆಯತನದಿಂದ ಮುದುಕ ತಾನೇ ತೋಡಿದ ಹಳ್ಳಕ್ಕೆ ಬಿದ್ದಿದ್ದ. ಮಾಡಿದ್ದುಣ್ಣೋ ಮಹರಾಯ!

"ನಿಮ್ಮ ಮಾವ ಮೇಲೆ ಹತ್ತಿ ಬಂದು ಸೊಪ್ಪು ಕೊಯ್ದಿರ್ತಾರಾ?"

"ಮಂಡಿನೋವು ಸಾರ್. ಎರಡು ವರ್ಷದಿಂದ ಮೆಟ್ಟಿಲೇ ಹತ್ತಿಲ್ಲ."

ಹಾಗಾದರೆ ಕೊಯ್ದು ಕೊಟ್ಟವನು ಇನ್ನೊಬ್ಬನಿದ್ದಾನೆ. ಇವತ್ತು ಬೆಳಿಗ್ಗೆ ಬಂದು ಡಬ್ಬ ಕೆರೆದವನೂ ಅವನೇ. ಆದರೆ ಇವತ್ತು ಯಾಕೆ ಕೆರೆದ? ನಿನ್ನೆಯ ಕೆಲಸ ಕೆಟ್ಟ ಮೇಲೆ ಇವತ್ತು ಮತ್ತೆ ಇಲ್ಲಿ ಏನಿತ್ತು ಅವನಿಗೆ? ಮಿಸ್ಸೇ ಗಿಡ ಅದಲು ಬದಲು ಮಾಡಿಕೊಂಡರು ಎಂದು ತೋರಿಸಬೇಕಾದರೆ, ಅಲ್ಲ ಎಂದು ಹೇಳಲು ಮಿಸ್ ಇರಬಾರದು. ಸತ್ತವರು ಎದ್ದು ಬಂದು ಕಾಗುಣಿತ ತಿದ್ದುವುದಿಲ್ಲ.

ಸಂಜೀವಯ್ಯ ಗಕ್ಕನೆ ತಿರುಗಿದ.

ಮಿಸ್ ಉಮಾಳ ಕೈಯಿಂದ ಚೊಂಬು ಕಿತ್ತುಕೊಂಡು ಕುಡಿಯುತ್ತಿದ್ದರು. ನೀರು ಗದ್ದದಿಂದ ಇಳಿದು ಸೀರೆ ನೆನೆಯುತ್ತಿತ್ತು. ಕುಡಿದ ಮೇಲೂ ನಾಲಗೆಯಿಂದ ತುಟಿ ಸವರಿಕೊಂಡರು. ಮುಖ ಕುಂಕುಮದ ಹಾಗೆ ಕೆಂಪು. ಇಲ್ಲದ ಬಿಸಿಲಿಗೆ ಕಣ್ಣು ಮುಚ್ಚಿ ತೆರೆದಾಗ ಆ ಕಣ್ಣಲ್ಲಿ ಬರೀ ಕಪ್ಪು ಪಾಪೆ ತುಂಬಿತ್ತು.

ಬಾಯಿ ಒಣಗುತ್ತದೆ. ಮುಖ ಕೆಂಪು. ಪಾಪೆ ಅಗಲ. ಬೆಳಕು ಕಂಡರೆ ಆಗಲ್ಲ. ಯಲ್ಲಯ್ಯ ಒಂದೊಂದಾಗಿ ಓದಿದ್ದ, ಇವನು ಒಂದೊಂದಾಗಿ ಕೇಳಿಸಿಕೊಂಡಿದ್ದ. ಅರ್ಧ ಗಂಟೆಯಿಂದ ಎದುರಿಗೇ ಇತ್ತು. ಕಳ್ಳರ ಬಾಯಿ ಒಣಗುತ್ತದೆ ಎಂದುಕೊಂಡು ನಿಂತಿದ್ದನಲ್ಲ, ಥೂ ಇವನ ಪೊಲೀಸು ಬುದ್ಧಿಗಿಷ್ಟು!

"ಮಿಸ್! ಬೆಳಿಗ್ಗೆ ಏನು ತಿಂದ್ರಿ?"

"ಇಡ್ಲಿ," ಎಂದರು ಮಿಸ್. ಮಾತು ತೊದಲಿತು.

ಅವನು ಓಡಿಹೋಗಿ ಪೀಪಾಯಿಯ ಮುಚ್ಚಳ ಕಿತ್ತೆಸೆದ. ಬಾಳೆ ಎಲೆ ಮೇಲೆಯೇ ಇತ್ತು. ಎಸೆಯುವ ಒಂದು ತುಣುಕನ್ನೂ ಮಣ್ಣಿಗೆ ಸೇರಿಸುವ ಹೆಂಗಸು, ಹೋಟೆಲಿನ ಎಲೆಯನ್ನೂ ಬಿಟ್ಟಿರಲಿಲ್ಲ. ಅಂಟಿದ್ದ ಚಟ್ನಿಯನ್ನು ಬೆರಳಲ್ಲಿ ತೆಗೆದು ಉಜ್ಜಿದ. ಅರ್ಧಂಬರ್ಧ ಅರೆದ ಕಂದು ಬೀಜ, ಮೆಣಸಿನ ಬೀಜಕ್ಕಿಂತ ದಪ್ಪ, ಕಿವಿಯ ಆಕಾರ. ಮುಳ್ಳು ಕಾಯಿಯೊಳಗಿನ ಬೀಜ.

ತಿಮ್ಮಕ್ಕ ತಪ್ಪು ಮಾಡಿಲ್ಲ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅವಳು ಒಳಗಿದ್ದಾಗಲೇ ಎರಡನೇ ಸಲ ವಿಷ ಬಿದ್ದಿತ್ತು. ಬೆಳಿಗ್ಗೆಯಿಂದ ಹುಡುಕಿದ ಸಾಕ್ಷಿ ಸಿಕ್ಕಿತ್ತು, ಸ್ಟೂಲಿನ ಮೇಲೆ ಕೂತು ತೂರಾಡುತ್ತಿತ್ತು. ಸಂಜೀವಯ್ಯನಿಗೆ ಅಳು ಬಂತು.

"ಯಾರು ತಂದುಕೊಟ್ರು ಮಿಸ್? ಗೌರೀಶಂಕರ್ರಾ? ಯಾರು?"

ಮಿಸ್ ನಕ್ಕರು. ಹಳೆಯ ನಗು, ಮೂರನೇ ಕ್ಲಾಸಿನ ದಡ್ಡ ಹುಡುಗನನ್ನು ನೋಡಿ ನಗುವ ನಗು. "ಏನೋ ಹಿಂಗ್ ಕೇಳ್ತೀಯ? ನೀನೇ ಕಳಿಸಿದ್ಯಲ್ಲೋ. ನಮ್ ಸಾಹೇಬ್ರು ಕೊಟ್ಟಿದಾರೆ, ಉಪವಾಸ ಇದ್ದೋರು ತಿನ್ನಿ ಅಂತ... ನಿಮ್ಮ ಯಲ್ಲಯ್ಯ ತಂದುಕೊಟ್ಟ."

ನಿನ್ನ ದಯ ಎಂದಿದ್ದರು. ಚುಚ್ಚಿದ್ದಲ್ಲ ಅದು. ಮನಸಾರೆ ಹೇಳಿದ್ದು.

ಅವನು ಯಾವ ಇಡ್ಲಿಯನ್ನೂ ಕಳಿಸಿರಲಿಲ್ಲ.

"ಉಮಾ, ಓಡಿ! ಎದುರು ಮನೆಯವರ ಕಾರು, ಆಟೋ, ಏನಾದ್ರೂ ನಿಲ್ಸಿ!" ಎಂದು ಕೂಗಿ, ಮಿಸ್ಸನ್ನು ಎರಡೂ ತೋಳಲ್ಲಿ ಎತ್ತಿಕೊಂಡ. ಗುಬ್ಬಚ್ಚಿಯಷ್ಟು ಹಗುರ. ಮೆಟ್ಟಿಲಿಳಿಯುವಾಗ ಅವರ ಬಲಗೈ ಅವನ ಭುಜದಾಚೆ ಚಾಚಿಕೊಂಡು, ಅಲ್ಲಿಲ್ಲದ ಗಿಡದಿಂದ, ಹೆಬ್ಬೆರಳಿನ ಉಗುರಿನಲ್ಲಿ ಒಂದೊಂದೇ ಕುಡಿ ಚಿವುಟತೊಡಗಿತು.

ಕೆಳಗೆ ನಡುಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು. ಬಾಗಿಲ ಕಡೆ ಓಡುತ್ತಿದ್ದ ಉಮಾಮಹೇಶ್ವರಿ ನಿಂತು ಎತ್ತಿದಳು, ಕೇಳಿದಳು, ರಿಸೀವರನ್ನು ಎದೆಗೊತ್ತಿಕೊಂಡು ಅವನ ಕಡೆ ನೋಡಿದಳು.

"ಠಾಣೆಯಿಂದ ಸಾರ್. ಇನ್‌ಸ್ಪೆಕ್ಟರು. ಮೂರರ ತನಕ ಕಾಯಲ್ವಂತೆ, ಜೀಪು ಈಗ್ಲೇ ಹೊರಡ್ತಿದೆಯಂತೆ, ಸಾಕ್ಷಿ ಎಲ್ಲಿ ಅಂತ ಕೇಳ್ತಿದಾರೆ. ನಿಮ್ಮ ಯಲ್ಲಯ್ಯ ಇನ್ನೂ ಅಲ್ಲಿಗೆ ಬಂದೇ ಇಲ್ವಂತೆ."